ಸುಭಾಸಣ್ಣನ ಹಾಡು ಕೇಳಿದವರು

ನಿಪ್ಪಾಣಿಯ ಬೀಡಿ ಕಾರ್ಖಾನೆಯಲ್ಲಿ ನನ್ನ ಅಣ್ಣನ ಹಾಡನ್ನು ಮೆಚ್ಚಿದ ಹೆಂಗಸರಿದ್ದರು. ಒಬ್ಬರಿಬ್ಬರಲ್ಲ, ನಾನು ಬೀಡಿ ಕಟ್ಟುತ್ತಿದ್ದ ಶೆಡ್ಡಿನ ತುಂಬ ಇದ್ದರು. ಆ ಒಂದು ಮಾತನ್ನು ಹೇಳಬೇಕಾದಾಗ ನಾನು ಅವನಿಗೆ ಹೇಳಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಬೇಕು.

ಸುಭಾಸಣ್ಣ ತೆಳ್ಳಗೆ, ಎತ್ತರಕ್ಕಿದ್ದ. ಕೂದಲು ಹೆಗಲ ಮೇಲೆ ಬೀಳುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಹಿಂದಿನಿಂದ “ಮುಂದ ಸರೀರಿ ಅಕ್ಕಾರ” ಎಂದರೆ, ತಿರುಗಿ ನೋಡದೆ ಸುಮ್ಮನೆ ಮುಂದೆ ಸರಿಯುತ್ತಿದ್ದ. ಉಣ್ಣಲು ಕೂತಾಗಲೂ ಎಡಗೈ ಬೆರಳುಗಳು ತೊಡೆಯ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಿದ್ದವು. ಅವ್ವ ಬೈದರೆ, “ರೊಟ್ಟಿ ತಿನ್ನಾಕ ಒಂದ ಕೈ ಸಾಕಲ್ಲಬೇ, ಇನ್ನೊಂದ್ಯಾಕ ಖಾಲಿ ಕುಂದ್ರಬೇಕು?” ಎನ್ನುತ್ತಿದ್ದ.

ಕೊಲ್ಲಾಪುರದಲ್ಲಿ ಯಾರದೋ ಖೋಲಿಯಲ್ಲಿ ಇಂಗ್ಲಿಷ್ ರಾಕ್ ಹಾಡುಗಳ ಕ್ಯಾಸೆಟ್ ಕೇಳಿ ಬಂದ ಮೇಲೆ ಅವನು ಹೀಗಾಗಿದ್ದ. ಅಲ್ಲಿಂದಲೇ ಕುತ್ತಿಗೆ ಮುರಿದ ಒಂದು ಗಿಟಾರು ತಂದ. ಮಿರಜದಲ್ಲಿ ಸಿತಾರ ಮಾಡುವ ಮುದುಕನೊಬ್ಬ ಅದಕ್ಕೆ ಹೊಸ ಕುತ್ತಿಗೆ ಕೂರಿಸಿಕೊಟ್ಟ. ತಂಬಾಕು ವ್ಯಾಪಾರಿಯ ಮಗ ಅಜಿತ ಡ್ರಮ್ ಬಾರಿಸುತ್ತಿದ್ದ. ಅವರ ತಾಲೀಮು ನಡೆಯುವುದು ಅಜಿತನ ಅಪ್ಪನ ಗೋದಾಮಿನಲ್ಲಿ. ತಂಬಾಕಿನ ಘಾಟಿಗೆ ಸೀನುತ್ತ, ಕಣ್ಣೊರೆಸುತ್ತ ಹಾಡುತ್ತಿದ್ದರು. ಎಲ್ಲ ಅಣ್ಣನೇ ಕಟ್ಟಿದ ಕನ್ನಡ ಹಾಡುಗಳು. ಸಿನಿಮಾ ಹಾಡು ಅವನು ಹಾಡುತ್ತಿರಲಿಲ್ಲ.

ರಾಯಬಾಗದಲ್ಲಿ ಒಮ್ಮೆ ಗಣಪತಿ ಮಂಡಳದವರು ಕರೆಸಿದ್ದರು. ಸಿನಿಮಾ ಹಾಡು ಬೇಕೆಂದು ಗದ್ದಲ ಎದ್ದಾಗ ಇವನು ಮೈಕಿನಲ್ಲಿ, ಅದಕ್ಕ ಕ್ಯಾಸೆಟ್ ಹಚ್ಚಿದ್ರ ಆತಲ್ರಿ, ನಾವ್ಯಾಕ ಬೇಕು ಎಂದು ತನ್ನದೇ ಹಾಡು ಶುರುಮಾಡಿದ. ಮಂದಿ ಎದ್ದು ಹೋದರು. ಕಡೆಗೆ ಉಳಿದವನು ಒಬ್ಬ ಕುರಿ ಕಾಯುವವ. ಇವನು ಖುಷಿಯಿಂದ ಹೋಗಿ, ಹ್ಯಾಂಗನಿಸಿತು ಕಾಕಾ ಎಂದು ಕೇಳಿದ. “ತಿಳೀಲಿಲ್ಲಪಾ. ಎಲ್ಲಾರೂ ಎದ್ದ ಹ್ವಾದ್ರು, ನಿನಗ ಕೆಟ್ಟ ಅನಿಸೀತು ಅಂತ ಕುಂತ್ನಿ” ಅಂದನಂತೆ ಅವನು. ಅಣ್ಣ ಇದನ್ನು ಊರೂರಲ್ಲಿ ಹೇಳಿಕೊಂಡು ನಗುತ್ತಿದ್ದ. ನಕ್ಕು ಮುಗಿದ ಮೇಲೆ ನನಗೆ, “ಒಬ್ಬ ಕುಂತಾನಂದ್ರ ಊರ ಕುಂತಂಗ, ಸುಮ್ಮಿ” ಎನ್ನುತ್ತಿದ್ದ.

ಆಮೇಲೆ ಮಂದಿ ತಮ್ಮ ಹತ್ತಿರ ಬರುವುದಿಲ್ಲ, ತಾವೇ ಮಂದಿಯ ಹತ್ತಿರ ಹೋಗಬೇಕು ಎಂದು ಗೋದಾಮಿನಲ್ಲೇ ಹಾಡು ತುಂಬಿಸಿ ಕ್ಯಾಸೆಟ್ ಮಾಡಿದರು. ಅಥಣಿಯ ಚಹಾದಂಗಡಿಗೆ, ಕಾಗವಾಡದ ಪಾನಪಟ್ಟಿಗೆ, ಟೆಂಪೋ ಡ್ರೈವರುಗಳಿಗೆ ಅಣ್ಣ ಒಂದೊಂದು ಕೊಟ್ಟು ಬಂದ. ವಾರ ಬಿಟ್ಟು ಮತ್ತೆ ಹೋಗಿ, ಯಾರಾದರೂ ಕೇಳಿದರೇನು ಎಂದು ವಿಚಾರಿಸುವನು. ಹೆಚ್ಚಿನವರು ಹಚ್ಚಿರಲೇ ಇಲ್ಲ. ಚಿಕ್ಕೋಡಿಯ ಕ್ಷೌರದ ಅಂಗಡಿಯವ ಮಾತ್ರ, “ಗಿರಾಕಿಗೋಳು ತಲಿ ಅಲ್ಲಾಡಸ್ತಾರಪ್ಪಾ, ನನ್ನ ಕೈಯಾಗ ಗಡ್ಡ ಕೆರಿಯೂ ವಸ್ತರಾ ಐತಿ” ಎಂದು ಕ್ಯಾಸೆಟ್ ತಿರುಗಿ ಕೊಟ್ಟ. ಅಣ್ಣ ಅದನ್ನು ಬಹುಮಾನ ಬಂದವನ ಹಾಗೆ ಹಿಡಿದುಕೊಂಡು ಮನೆಗೆ ಬಂದ. ಆ ಕ್ಯಾಸೆಟ್ಟನ್ನೇ ನನಗೆ ಕೊಟ್ಟು, ನಿಮ್ಮ ಶೆಡ್ಡಿನಾಗ ಹಚ್ಚು ಎಂದ.

ನಮ್ಮ ಶೆಡ್ಡಿನಲ್ಲಿ ಅಕ್ಕಾತಾಯಿ ಎಂಬ ಹಿರಿಯಳು ಮನೆಯಿಂದ ಟೇಪ್‌ರೆಕಾರ್ಡರ್ ತರುತ್ತಿದ್ದಳು. ಮೊದಲ ದಿನ ಎಲ್ಲರೂ ನಕ್ಕರು. ಇದೇನ ಹಾಡೋ ಜಗಳೋ ಎಂದಳು ಒಬ್ಬಳು. ಎರಡನೇ ದಿನ ಹಾಡಿನೊಳಗಿನ ಮಾತು ಕಿವಿಗೆ ಬಿತ್ತು. ಬೀಡಿ ಕಟ್ಟಿ ಬಂದ ತಾಯಿ ಕೈ ಎಷ್ಟು ತೊಳೆದರೂ, ಮಗುವಿಗೆ ಕೊಡುವ ತುತ್ತಿನಲ್ಲಿ ತಂಬಾಕಿನ ವಾಸನೆ ಹೋಗುವುದಿಲ್ಲ. ಅದು ನಮ್ಮ ಅವ್ವನ ಮೇಲೆ ಕಟ್ಟಿದ ಹಾಡು. ಅಕ್ಕಾತಾಯಿ ಎಲೆ ಕತ್ತರಿಸುವುದನ್ನು ನಿಲ್ಲಿಸಿ ಕೈ ಮೂಸಿ ನೋಡಿಕೊಂಡಳು. ಅಂದಿನಿಂದ ದಿನವೂ ಅದೇ ಹಾಡು. ಬೀಡಿ ಸುತ್ತುವ ಬೆರಳುಗಳು ಅಜಿತನ ಡ್ರಮ್ಮಿನ ಜೊತೆ ಓಡುತ್ತಿದ್ದವು.

ಇದು ಯಾರ ಹಾಡು ಎಂದು ಕೇಳಿದರು. ಪೇಟೆಯಲ್ಲಿ ಸಿಕ್ಕ ಕ್ಯಾಸೆಟ್ಟು, ಯಾರೋ ಗೊತ್ತಿಲ್ಲ ಎಂದೆ. ಅಕ್ಕಾತಾಯಿ ಬಿಡಲಿಲ್ಲ. “ಹುಡುಕಿ ಕರಕೊಂಡ ಬಾ ಬೇ ಅವನ್ನ. ಬೀಡಿ ಕಟ್ಟೂ ಮಾವಶಿಗೋಳು ಕರದಾರ ಅಂತ ಹೇಳು. ನಮ್ಮ ಅಂಗಳದಾಗ ಹಾಡಲಿ.”

ಯಾಕೆ ಮುಚ್ಚಿಟ್ಟೆ? ಅದೇ ತಿಂಗಳು ಕಬ್ಬೂರಿನಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗಿಯ ಅಣ್ಣ ಏನು ಮಾಡುತ್ತಾನೆ ಎಂದು ಅವರು ಕೇಳಿದಾಗ ಅವ್ವ ಚಹಾ ತರುವ ನೆಪದಲ್ಲಿ ಒಳಗೆ ಬಂದಳು. ಅಪ್ಪ ಮೊದಲೇ ತೀರಿಕೊಂಡಿದ್ದ. ಅಣ್ಣ ಒಂದು ಕಡೆ ಕೆಲಸಕ್ಕೆ ನಿಂತ ಮೇಲೆ ಮಾತಾಡೋಣ ಎಂದು ಅವರು ಎದ್ದು ಹೋದರು. ಇಚಲಕರಂಜಿಯ ಪಾವರ್‌ಲೂಮಿನಲ್ಲಿ ಸೋದರಮಾವ ಕೆಲಸ ನೋಡಿಟ್ಟಿದ್ದ. ಅಣ್ಣ ಒಲ್ಲೆನೆನ್ನುತ್ತಿದ್ದ. ಈ ಹಾಡಿನ ಆಸೆ ಹೋದರೆ ತಾನೇ ಹೋಗುತ್ತಾನೆ ಎಂದು ಅವ್ವ ನನ್ನ ಮುಂದೆ ಅತ್ತಳು. ಆ ಆಸೆ ಉಳಿಯುವುದೂ ಹೋಗುವುದೂ ನನ್ನ ಬಾಯಲ್ಲಿತ್ತು. ನನಗೂ ಆ ಕಬ್ಬೂರಿನವನು ಮನಸ್ಸಿಗೆ ಬಂದಿದ್ದ.

ಒಂದು ಸಂಜೆ ಅಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಹಚ್ಚಿದ್ದೇನ ಸುಮ್ಮಿ? ಏನಂದ್ರು?”

“ನಕ್ಕರು.” ಅದು ಸುಳ್ಳಲ್ಲ.

“ಆಮ್ಯಾಲ?”

“ಬಂದ್ ಮಾಡ ಅಂದ್ರು.”

“ಖರೇ ಹೇಳ. ಒಬ್ಬಾಕಿಯರೆ ಪೂರಾ ಕೇಳಿರಬೇಕಲ್ಲ?”

“ಒಬ್ಬಾಕಿನೂ ಇಲ್ಲ.”

ಅವನು ಒಳಗೆ ಬಂದ. ಊಟಕ್ಕೆ ಕೂತ. ಎಡಗೈ ನೆಲದ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು.

ಕೂದಲು ಕತ್ತರಿಸಿಕೊಂಡು, ಗಿಟಾರು ಅಜಿತನಿಗೆ ಕೊಟ್ಟು ಇಚಲಕರಂಜಿಗೆ ಹೋದ. ನನ್ನ ಮದುವೆಯಾಯಿತು. ಪಂಕ್ತಿಯಲ್ಲಿ ಬಡಿಸುತ್ತಿದ್ದ ಅವನನ್ನು ಹಿಂದಿನಿಂದ ನೋಡಿ ನನಗೇ ಗುರುತು ಸಿಗಲಿಲ್ಲ. ಶೆಡ್ಡಿನ ಹೆಂಗಸರು ಟೇಪು ಸವೆದು ಹರಿಯುವ ತನಕ ಆ ಹಾಡು ಕೇಳಿದರಂತೆ.

ಅಣ್ಣ ಮತ್ತೆ ಹಾಡಲಿಲ್ಲ, ಮದುವೆಯೂ ಆಗಲಿಲ್ಲ. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಕೈಸನ್ನೆಯಲ್ಲೇ ಮಾತು. ವರ್ಷಗಳು ಕಳೆದಂತೆ ಅವನ ಕಿವಿ ಹೋಯಿತು. ನಂತರ ಅರಳೆಯ ಧೂಳು ಎದೆಗೆ ಕೂತಿತು. ಕಡೆಯ ಸಲ ನೋಡಲು ಹೋದಾಗ ಬೇಸಿಗೆ. ಆ ವರ್ಷದ ಮಳೆಗಾಲಕ್ಕೆ ಅವನು ಉಳಿಯಲಿಲ್ಲ.

ಸಾಲುಮನೆಗಳ ಚಾಳಿನ ಅವನ ಖೋಲಿಯಲ್ಲಿ, ಕಾಲ ಬಳಿ ಕೂತು ಎಲ್ಲವನ್ನೂ ಮೆಲ್ಲಗೆ ಹೇಳಿದೆ. ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲೇ ಹೇಳಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಮೊಣಕೈ ಊರಿ ಎದ್ದು ಕೂತ.

“ಏನಂದಿ? ಜೋರ ಹೇಳ.”

ಬಾಗಿಲು ತೆರೆದಿತ್ತು. ಹೊರಗೆ ನಳದ ಹತ್ತಿರ ಚಾಳಿನ ಹೆಂಗಸರು ನೀರಿಗೆ ನಿಂತಿದ್ದರು. ನಾನು ಒದರಿದೆ. ಅವರೆಲ್ಲ ಕೊಡ ಕೆಳಗಿಟ್ಟು ತಿರುಗಿ ನೋಡುವಷ್ಟು ಜೋರಾಗಿ ಒದರಿದೆ.

“ಕೇಳಿದ್ರಣ್ಣಾ. ಎಲ್ಲಾರೂ ಕೇಳಿದ್ರು, ದಿನಾ ಕೇಳಿದ್ರು. ನಿನ್ನ ಕರಕೊಂಡ ಬಾ ಅಂದಿದ್ರು. ನಾ ನಿನಗ ಸುಳ್ಳ ಹೇಳಿದ್ನಿ. ನಂದ ತಪ್ಪಾತು ಅಣ್ಣಾ.”