ಯಲ್ಲಾರಿಯ ಮೋಟಾರು, ಹೊಳೆಪ್ಪನ ಹೊಟ್ಟೆಕಿಚ್ಚು

ಘಟಪ್ರಭೆಯ ಆ ದಂಡೆಯಲ್ಲಿ ತನ್ನ ದೋಣಿಯೊಂದೇ ಓಡಾಡುತ್ತಿದ್ದ ಕಾಲದಲ್ಲಿ ಹೊಳೆಪ್ಪನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ನಾಗನೂರ ಕಡೆಯಿಂದ ಗೋಕಾಕದ ಸಂತೆಗೆ ಹೊರಟವರು ಎಷ್ಟು ಹೊತ್ತಾದರೂ ಅವನಿಗಾಗಿ ಕಾಯುತ್ತಿದ್ದರು. ಅವನು ಬಿದಿರ ಗಳ ಊರಿ "ಹತ್ರಿ" ಅಂದಾಗ ಹತ್ತುತ್ತಿದ್ದರು, "ಇಳೀರಿ" ಅಂದಾಗ ಇಳಿಯುತ್ತಿದ್ದರು. ಊರ ಗೌಡನೂ ಚಪ್ಪಲಿ ಕೈಯಲ್ಲಿ ಹಿಡಿದೇ ಅವನ ದೋಣಿಗೆ ಕಾಲಿಡುತ್ತಿದ್ದ.

ಗೋವಾ ಬಿಡುಗಡೆಯಾದ ಮರುವರ್ಷ ಅವನ ಚಿಕ್ಕಪ್ಪನ ಮಗ ಯಲ್ಲಾರಿ ಕಾರವಾರದ ಬಂದರಿನ ಕೆಲಸ ಬಿಟ್ಟು ಊರಿಗೆ ಬಂದ. ಅವನಿಗೆ ಗಳ ಹಿಡಿಯುವುದನ್ನು ಕಲಿಸಿದವನು ಹೊಳೆಪ್ಪನೇ. ಈಗ ಯಲ್ಲಾರಿ ಗೋಣಿಚೀಲದಲ್ಲಿ ಸುತ್ತಿ ತಂದದ್ದು, ಮೀನುಗಾರನೊಬ್ಬ ಬಳಸಿ ಬಿಟ್ಟಿದ್ದ ಹಳೆಯ ಮೋಟಾರು. ತಾನು ಕೊಂಡ ದೋಣಿಯ ಹಿಂಬದಿಗೆ ಸಿಕ್ಕಿಸಿ ಹಗ್ಗ ಸುತ್ತಿ ಜಗ್ಗಿದರೆ ಬುಡದ ರೆಕ್ಕೆ ಗರಗರ ತಿರುಗುತ್ತಿತ್ತು. ಅದು ಮೊದಲ ಸಲ ಹೊಳೆ ದಾಟಿದಾಗ ಎರಡೂ ದಂಡೆಯ ಜನ ಕೇಕೆ ಹಾಕಿದರು. ನಡುಹೊಳೆಯಲ್ಲಿ ಗಳ ಊರಿ ನಿಂತಿದ್ದ ಹೊಳೆಪ್ಪನ ದೋಣಿಯನ್ನು ಅದರ ಅಲೆ ತೊಟ್ಟಿಲಿನಂತೆ ತೂಗಿತು. ಅವನ ದೋಣಿಯಲ್ಲಿ ಕುಳಿತವರೂ ನಕ್ಕುಬಿಟ್ಟರು.

ವಾರ ಕಳೆಯುವುದರೊಳಗೆ ಅವನ ದೋಣಿಗೆ ಆಡು ಕುರಿ ಸಾಗಿಸುವವರಷ್ಟೇ ಉಳಿದರು. ಅದನ್ನೂ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಒಂದು ದಿನ ಅವನ ಹೆಂಡತಿ ಉದ್ದವ್ವನೇ ಯಲ್ಲಾರಿಯ ದೋಣಿಯಿಂದ ಇಳಿದು ಬಂದಳು.

"ಏನ್ರಿ, ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ದಂಡಿ ಬಂದಿತ್ರಿ!" ಅಂದಳು. ಆಮೇಲೆ ಸೆರಗು ಮೂಸಿ ನೋಡಿ, "ಪೆಟ್ರೋಲ್ ಸಿಡಿದು ಸೀರಿಗೆ ಕಲಿ ಆತು ನೋಡ್ರಿ," ಎಂದು ಗೊಣಗಿದಳು.

ಕಲೆಯಾದದ್ದೇ ಛಲೋ ಆಯಿತು ಎಂದುಕೊಂಡ ಹೊಳೆಪ್ಪ.

ಪೆಟ್ರೋಲು ಸಿಡಿಯುತ್ತದೆಂದು ಬೇರೆ ಹೆಂಗಸರೂ ದೂರಿದರು. ಯಲ್ಲಾರಿ ಪೆಟ್ರೋಲು ತುಂಬುವ ಟಾಕಿಯ ಮುಚ್ಚಳವನ್ನೂ ಅದರ ಮೇಲಿನ ಸಣ್ಣ ತಿರುಪನ್ನೂ ಬಿಗಿಯಾಗಿ ತಿರುವಿದ. ಸಿಡಿಯುವುದು ನಿಂತಿತು. ಆದರೆ ಅಂದಿನಿಂದಲೇ ಮೋಟಾರಿಗೆ ಏನೋ ರೋಗ ಹಿಡಿಯಿತು. ದಂಡೆ ಬಿಡುವಾಗ ಹುರುಪಿನಿಂದ ಹೊರಟದ್ದು ನಡುಹೊಳೆಗೆ ಬರುತ್ತಲೇ ಕೆಮ್ಮಿ, ಮುಗ್ಗರಿಸಿ ನಿಂತುಬಿಡುತ್ತಿತ್ತು. ಯಲ್ಲಾರಿ ಪ್ಲಗ್ ಬಿಚ್ಚಿ ಉಜ್ಜಿದ. ಪೆಟ್ರೋಲನ್ನು ಧೋತರದಲ್ಲಿ ಸೋಸಿದ. ರೆಕ್ಕೆಗೆ ಸುತ್ತಿದ ಜೊಂಡು ಕಿತ್ತ. ಏನು ಮಾಡಿದರೂ ಅಷ್ಟೇ.

ಪ್ರತಿಸಲವೂ ಅವನನ್ನು ಎಳೆದು ತರಲು ಹೊಳೆಪ್ಪನೇ ಹೋಗಬೇಕಾಗುತ್ತಿತ್ತು. ಅವನಿಗೆ ಅದಕ್ಕಿಂತ ಸುಖದ ಕೆಲಸ ಬೇರೆ ಇರಲಿಲ್ಲ. "ಯಾಕೊ ಯಲ್ಲಾರಿ, ಮೋಟಾರ ನಿದ್ದಿ ಹೊಡ್ಯಾಕತ್ತೈತೇನೊ?" ಎಂದು ಎರಡೂ ದಂಡೆಗೆ ಕೇಳುವಂತೆ ಕೂಗಿ ಹಗ್ಗ ಎಸೆಯುತ್ತಿದ್ದ.

ಹೀಗೆ ಎಳೆಯುತ್ತಿದ್ದಾಗ ಒಂದು ದಿನ, ಪೆಟ್ರೋಲು ಎಷ್ಟಿದೆಯೆಂದು ನೋಡಲು ಯಲ್ಲಾರಿ ಮುಚ್ಚಳ ತೆರೆದ. ಟಾಕಿ ಸುಸ್ಸೆಂದು ಉಸಿರು ಒಳಗೆಳೆದುಕೊಂಡಿತು. ಮುಚ್ಚಳ ಹಾಕಿ ಹಗ್ಗ ಜಗ್ಗಿದರೆ ಮೋಟಾರು ಒಂದೇ ಏಟಿಗೆ ಎದ್ದಿತು. ಹೊಳೆಪ್ಪನಿಗೆ ಮನೆಯ ಚಿಮಣಿ ಎಣ್ಣೆಯ ಡಬ್ಬಿ ನೆನಪಾಯಿತು. ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಆ ತಿರುಪು ಇದ್ದದ್ದೇ ಗಾಳಿಗೆ. ಅದನ್ನು ಬಿಗಿದದ್ದರಿಂದ ಮೋಟಾರು ಉಸಿರುಗಟ್ಟುತ್ತಿತ್ತು.

ಬಾಯಿ ತೆರೆದಿದ್ದರೆ ಅಂದೇ ಮುಗಿಯುತ್ತಿತ್ತು. ಹೊಳೆಪ್ಪ ಬಾಯಿ ತೆರೆಯಲಿಲ್ಲ. ಗುಟ್ಟನ್ನು ಬೆಲ್ಲದ ಚೂರಿನಂತೆ ದವಡೆಯಲ್ಲಿಟ್ಟುಕೊಂಡು ಚಳಿಗಾಲವನ್ನೆಲ್ಲ ಕಳೆದ. ಜನ ಮತ್ತೆ ಅವನ ದೋಣಿಗೆ ಬಂದರು.

ಕೊನೆಗೆ ಯಲ್ಲಾರಿ ಸೋತು, ಮೂಡಲಗಿಯಲ್ಲಿ ನೀರೆತ್ತುವ ಇಂಜಿನ್ನು ರಿಪೇರಿ ಮಾಡುವ ದುಂಡಪ್ಪನನ್ನು ಕರೆಸಿದ. ದುಂಡಪ್ಪ ಅದನ್ನೂ ಇದನ್ನೂ ಬಿಚ್ಚಿದ. ಟಾಕಿಯ ತಿರುಪನ್ನು ಬೆರಳಿನಿಂದ ಸಡಿಲಿಸಿದವನು, ಓರೆಗಣ್ಣಿನಿಂದ ಯಲ್ಲಾರಿಯನ್ನು ನೋಡಿ ಮೆಲ್ಲಗೆ ಮೊದಲಿನಂತೆ ಬಿಗಿದ.

"ಇದರ ಆಯುಷ್ಯ ಮುಗದೈತಿ ತಮ್ಮಾ," ಎಂದು ನಿಟ್ಟುಸಿರಿಟ್ಟ. "ನನಗ ಕೊಟ್ಟಬಿಡು, ಬಿಡಿ ಸಾಮಾನಿಗರೆ ಬರತೈತಿ."

ಯಲ್ಲಾರಿ ತಲೆ ಕೆಳಗೆ ಹಾಕಿದ. "ಒಯ್ಯಿರಿ," ಎಂದು, ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ ಹೊಳೆಪ್ಪನ ಕಡೆ ತಿರುಗಿ, "ಅಣ್ಣಾ, ನಾ ನಾಳಿಯಿಂದ ನಿನ್ನ ದೋಣ್ಯಾಗ ಗಳಾ ಹಿಡೀತೇನಿ," ಅಂದ.

ಹೊಳೆಪ್ಪ ಇಷ್ಟು ದಿನ ಬಯಸಿದ್ದು ಇದನ್ನೇ. ಆದರೆ ಅವನ ಕಣ್ಣು ದುಂಡಪ್ಪನ ಮುಖದ ಮೇಲಿತ್ತು. ಗುಟ್ಟು ಬಚ್ಚಿಟ್ಟವನ ಮುಖ ಹೇಗಿರುತ್ತದೆಂದು ಅವನು ಹೊರಗಿನಿಂದ ಕಂಡದ್ದು ಅದೇ ಮೊದಲು. ಮೈಯೆಲ್ಲ ಹೊತ್ತಿಕೊಂಡಂತಾಯಿತು. ತಾನು ಕಂಡುಹಿಡಿದದ್ದು! ಅದನ್ನು ಈ ಮೂಡಲಗಿಯವನು ನುಂಗಬೇಕೆ? ನಾಳೆ ಇದೇ ಮೋಟಾರನ್ನು ಇದೇ ಹೊಳೆಯಲ್ಲಿ ಓಡಿಸಬೇಕೆ?

"ಯಲ್ಲಾರೀ, ಕೊಡಬ್ಯಾಡ! ಆ ತಿರುಪ ಸಡ್ಲ ಮಾಡು. ಮೋಟಾರಿಗೆ ಉಸರ ಬೇಕಾಗೈತಿ!"

ತಿರುಪು ಸಡಿಲವಾಯಿತು. ಮೋಟಾರು ಎದ್ದಿತು. ಯಲ್ಲಾರಿ ಆಚೆ ದಂಡೆ ಮುಟ್ಟಿ ಎಲ್ಲಿಯೂ ನಿಲ್ಲದೆ ತಿರುಗಿ ಬಂದ. ಅಷ್ಟರಲ್ಲಿ ದುಂಡಪ್ಪ ತನ್ನ ಪಾನೆ, ಇಕ್ಕಳ ಕಟ್ಟಿಕೊಂಡು ಹೊರಟುಹೋಗಿದ್ದ.

"ಅಣ್ಣಾ, ನಿನಗ ಯಾವಾಗ ಗೊತ್ತಾತು?"

"ಈಗ ಹೊಳೀತು," ಎಂದು ಹೊಳೆಪ್ಪ ನೀರಿನ ಕಡೆ ಮುಖ ತಿರುಗಿಸಿದ. ಯಲ್ಲಾರಿ ಅವನನ್ನೇ ನೋಡುತ್ತ ಮೋಟಾರಿನ ಹಗ್ಗ ಸುತ್ತಿಟ್ಟ.

ದಂಡೆಯ ಜನ "ಭೇಷ್ ಯಲ್ಲಾರಿ!" ಎಂದು ಕೂಗಿದರು. ಹೊಳೆಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ. ಹೊಟ್ಟೆಯೊಳಗಿನ ಕಿಚ್ಚು ಮೊದಲಿನ ಜಾಗದಲ್ಲೇ ಬೆಚ್ಚಗೆ ಕುಳಿತಿತ್ತು.

ಮಳೆಗಾಲದಲ್ಲಿ ಹೊಳೆ ತುಂಬಿ ಬಂತು. ಗಳಕ್ಕೆ ನೆಲ ಸಿಗದಾಯಿತು. ಯಲ್ಲಾರಿ ಮನೆಯ ತನಕ ಬಂದ. "ಸುಳಿ ಎಲ್ಲೆಲ್ಲಿ ಅದಾವು ನನಗ ತಿಳಿಯಂಗಿಲ್ಲ. ನೀ ಮುಂದ ನಿಂತು ದಾರಿ ಹೇಳು, ಅಣ್ಣಾ."

ಎರಡು ಸಲ ಕರೆಸಿಕೊಳ್ಳಬೇಕೆಂದಿದ್ದ ಹೊಳೆಪ್ಪ ಒಂದೇ ಕರೆಗೆ ಎದ್ದ. ಅವನು ಯಲ್ಲಾರಿಯ ದೋಣಿಯ ಮುಂದುಗಡೆ ನಿಂತು ಎಡಕ್ಕೆ, ಬಲಕ್ಕೆ ಕೈ ಮಾಡಿದ. ಹಿಂದೆ ಯಲ್ಲಾರಿ ಮೋಟಾರು ತಿರುವಿದ. ಇಳಿಯುವಾಗ ಮುದುಕಿ ಕಾಡವ್ವ ಕೇಳಿದಳು: "ಯಾರದಪ್ಪಾ ಈ ದೋಣಿ?"

"ನಮ್ಮ ಅಣ್ಣಂದು, ಆಯಿ," ಅಂದ ಯಲ್ಲಾರಿ.

ಅದು ಸುಳ್ಳು. ಹೊಳೆಪ್ಪ ತಿದ್ದಲಿಲ್ಲ. ಮುದುಕಿಯ ಕೈ ಹಿಡಿದು ಮೆಲ್ಲಗೆ ದಂಡೆಗೆ ಇಳಿಸಿದ.