ತನಿಯ ಬಾಯಿ ಬಿಟ್ಟ ದಿನ

ತನಿಯನಿಗೆ ಕಾರಿನ ಹೊರಗೆ ಬೇಕಾದಷ್ಟು ಮಾತು. ಒಳಗೆ ಕೂತರೆ ಬಾಯಿಗೆ ಬೀಗ. ಮುಲ್ಕಿಯ ಈ ಮನುಷ್ಯ ಹಲವು ವರ್ಷಗಳಿಂದ ದೋಹಾದಲ್ಲಿ ಓಡಿಸುತ್ತಿದ್ದದ್ದು ಮೇಲ್ಮನವಿ ಕೋರ್ಟಿನ ಜಡ್ಜರೊಬ್ಬರ ಕಾರು. ಜಡ್ಜರು ಸುಡಾನಿನವರು, ಅವರೂ ತನಿಯನ ಹಾಗೆ ಕಾಂಟ್ರಾಕ್ಟಿನ ಮೇಲೆ ಬಂದವರೇ. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: ಕಾರಿನಲ್ಲಿ ಕೋರ್ಟಿನ ಸುದ್ದಿ ‘ಮಾಫಿ’, ಅಂದರೆ ಇಲ್ಲವೇ ಇಲ್ಲ, ಎತ್ತಲೇಕೂಡದು.

ನಜ್ಮಾ ಬಡಾವಣೆಯಲ್ಲಿ ತನಿಯನಿದ್ದ ಹಳೆಯ ಕಟ್ಟಡದಲ್ಲಿ ಇದನ್ನು ನಂಬುವವರು ಯಾರು? ಜಡ್ಜರ ಡ್ರೈವರ್ ಅಂದರೆ ಅರ್ಧ ಜಡ್ಜು ಎಂದೇ ಎಲ್ಲರ ಎಣಿಕೆ. ಮೇಲಿನ ಮಹಡಿಯ ಸಂಜನಾಗಂತೂ ಅದೊಂದೇ ಆಸೆ. ಮೈಸೂರಿನ ಹುಡುಗಿ, ಕಂಕುಳಲ್ಲಿ ಕೂಸು. ಗಂಡ ಸುಪ್ರೀತನ ಕಾರು ಬಡಿದು ಒಬ್ಬರು ಸತ್ತಿದ್ದರು. ಕೆಳಗಿನ ಕೋರ್ಟು ಜೈಲು, ಆಮೇಲೆ ಗಡೀಪಾರು ಎಂದಿತ್ತು. ಜಾಮೀನಿನ ಮೇಲಿದ್ದ ಅವನ ಮೇಲ್ಮನವಿ ಇದೇ ಜಡ್ಜರ ಮುಂದಿತ್ತು. ಸಾಕ್ಷಿಗಳನ್ನು ಅವರು ಸಮಾಧಾನವಾಗಿ ಕೇಳಿದ್ದರು. ಅಷ್ಟರಲ್ಲಿ ಅಲ್ಲಿನ ಷರಿಯಾ ಕೋರ್ಟು, ಸಾಮಾನ್ಯ ಕೋರ್ಟು ಎರಡನ್ನೂ ಒಂದು ಮಾಡುವ ಹೊಸ ಕಾನೂನು ಬಂತು. ಪೀಠಗಳು ಅದಲುಬದಲು, ಈ ಜಡ್ಜರ ಕಾಂಟ್ರಾಕ್ಟು ಜೂನಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ತೀರ್ಪು ಬರದಿದ್ದರೆ ಹೊಸ ಜಡ್ಜರ ಮುಂದೆ ವಿಚಾರಣೆ ಎಲ್ಲ ಮೊದಲಿನಿಂದ.

“ಕನಿಕರ ತೋರ್ಸಿ ಅಂತ ಕೇಳ್ಬೇಡಿ ತನಿಯಣ್ಣ. ಹೋಗೋಕ್ಮುಂಚೆ ತೀರ್ಪು ಕೊಟ್ಬಿಡಿ ಅನ್ನಿ, ಸಾಕು.”

“ಆಗುದಿಲ್ಲ ಮಾರಾಯ್ತಿ. ಕಾರಲ್ಲಿ ನಾನು ಸ್ಟೇರಿಂಗಿನ ಹಾಗೆ. ಮಾತಾಡ್ಲಿಕ್ಕಿಲ್ಲ.”

“ಸ್ಟೇರಿಂಗಿಗೂ ಹಾರ್ನ್ ಇರತ್ತಲ್ಲ!”

ಅಲ್ಲಿಂದ ಹಗೆ ಶುರುವಾಯಿತು. ಮೆಟ್ಟಿಲಲ್ಲಿ ಎದುರಾದರೆ ಸಂಜನಾ ಅವನಿಗೆ ಕೇಳಿಸುವಂತೆ ಮಗುವಿಗೆ ಹೇಳುವಳು: “ನೋಡು ಪುಟ್ಟಾ, ನಿಮ್ಮಪ್ಪನ್ನ ಜೈಲಿಗೆ ಕಳ್ಸೋ ಮಾವ ಬಂದ್ರು.” ಕೆಳಗಿನ ಕೆಫೆಟೇರಿಯಾದ ಲ್ಯಾನ್ಸ್‌ಲಾಟ್, ತನಿಯನ ಊರಿನ ಕಡೆಯವನೇ, ಚಹಾದ ಲೋಟ ಕುಕ್ಕಿ, “ದೊಡ್ಡ ಸಾಹೇಬ್ರು ಬಂದ್ರು, ದಾರಿ ಬಿಡಿಯಾ” ಎಂದ. ಕೂತಿದ್ದವರೆಲ್ಲ ನಕ್ಕರು. ತನಿಯನಿಗೆ ಊಟ ಸೇರದಾಯಿತು.

ಒಂದು ಬೆಳಿಗ್ಗೆ ಸಿಗ್ನಲಿನಲ್ಲಿ ಕಾರು ನಿಂತಿದ್ದಾಗ, ಮುರುಕು ಅರಬ್ಬಿಯಲ್ಲಿ, ಕನ್ನಡಿಯತ್ತ ನೋಡದೆ, ಸುಪ್ರೀತನ ಹೆಸರು ಹೇಳಿ ಸಂಜನಾಳ ಬೇಡಿಕೆಯನ್ನು ಒಪ್ಪಿಸಿಯೇಬಿಟ್ಟ.

ಹಸಿರು ದೀಪ ಬಂತು. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಜಡ್ಜರು ಅಂದರು: “ಭಾನುವಾರ ಆ ತೀರ್ಪು ಓದುವವನಿದ್ದೆ. ನೀನು ಅವರ ಪರವಾಗಿ ಮಾತಾಡಿದ ಮೇಲೆ ನಾನು ಅದನ್ನು ಮುಟ್ಟುವ ಹಾಗಿಲ್ಲ. ಖಲಾಸ್.” ಮರುದಿನದಿಂದ ಕಾರು ತಾವೇ ಓಡಿಸಿದರು. ಭಾನುವಾರ, ಕಾರಣ ಹೇಳದೆ ಕೇಸಿನಿಂದ ಹಿಂದೆ ಸರಿದರು.

ಅವತ್ತು ಸಂಜನಾ ತನಿಯನ ಬಾಗಿಲು ಬಡಿದಳು. “ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು? ಹೊಸ ಬೆಂಚಂತೆ, ಎಲ್ಲಾ ಮೊದ್ಲಿಂದಂತೆ!”

“ಹೇಳಿದೆ ಮಾರಾಯ್ತಿ. ಹೇಳಿದ್ದಕ್ಕೇ ಅವರು ಕೇಸು ಬಿಟ್ಟದ್ದು. ನನ್ನ ಕೆಲಸವೂ ಹೋಯ್ತು.”

ಸಂಜನಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಡ್ರೈವರ್ ಬಾಯ್ಬಿಟ್ಟ ಅಂತ ಯಾವ ಜಡ್ಜು ಕೇಸು ಬಿಡ್ತಾನೆ? ಸುಳ್ಳು ಹೇಳೋದಾದ್ರೂ ನಂಬೋ ಹಾಗೆ ಹೇಳಿ.”