ಟೋಪಿಯ ನಾಯಕ ಮತ್ತು ಅಪ್ಪಯ್ಯನ ಮೌನ

ಹೋದ ವರ್ಷ ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿತ್ತು, ಮಾತೂ ಹೋಯಿತು. ಕುಂದಾಪುರದ ಆಸ್ಪತ್ರೆಯಿಂದ ತೆಕ್ಕಟ್ಟೆಯ ನನ್ನ ಮನೆಗೆ ಕರೆತರುವಾಗ ವೈದ್ಯರು, "ಅವರಿಗೆ ಅರ್ಥ ಆಗುತ್ತೆ. ಮನೆಯವರು ಮಾತಾಡುತ್ತಲೇ ಇರಿ, ಮಾತು ಮರಳಿದರೂ ಮರಳೀತು" ಎಂದಿದ್ದರು. ನಾನು ಮಾತಾಡಿದೆ. ಮೀನಿನ ರೇಟು, ಪಕ್ಕದ ಮನೆಯ ದನ ಕರು ಹಾಕಿದ್ದು, ಬಾಯಿಗೆ ಬಂದದ್ದೆಲ್ಲ. ಅಮ್ಮನ ಕಣ್ಣು ನನ್ನನ್ನು ದಾಟಿ ಅಪ್ಪಯ್ಯನ ಮೇಲೆ ನಿಲ್ಲುತ್ತಿತ್ತು. ಅವರು ಕಿಟಕಿಯ ಬಳಿ ಕೈಕಟ್ಟಿ ಕೂತಿರುತ್ತಿದ್ದರು, ಒಂದು ಶಬ್ದವಿಲ್ಲದೆ.

ಅಪ್ಪಯ್ಯ ಮೊದಲಿನಿಂದಲೂ ಹಾಗೆ. ಪ್ರಾಯದಲ್ಲಿ ಮುಂಬೈಯ ಕ್ಯಾಂಟೀನಿನಲ್ಲಿ ದುಡಿಯುವಾಗ ರಜೆ ಸಿಕ್ಕರೆ ಹಳೆಯ ಇಂಗ್ಲಿಷ್ ಸಿನಿಮಾಗಳ ಮಾರ್ನಿಂಗ್ ಶೋಗೆ ಹೋಗುತ್ತಿದ್ದರಂತೆ. ಅಲ್ಲಿ ಒಬ್ಬ ಹಾಲಿವುಡ್ ನಟ ಅವರ ಮನಸ್ಸನ್ನು ಹಿಡಿದುಬಿಟ್ಟ. ಹುಬ್ಬಿನವರೆಗೆ ಇಳಿಸಿದ ಟೋಪಿ, ಬಿಗಿದ ತುಟಿ, ಗುಂಡು ತಾಗಿದರೂ ಅಯ್ಯೋ ಎನ್ನದ ಗಂಡಸು. ಭಾಷೆ ತಿಳಿಯದಿದ್ದರೂ ಅವನ ಮೌನ ಅಪ್ಪಯ್ಯನಿಗೆ ತಿಳಿಯಿತು. "ಮದಿ ದಿನ ಇವರ ಮುಖ ಕಂಡ್ ಯಾರೋ ಸತ್ತ್ ಹೋಯಿರ್ ಅಂದ್ಕಂಡಿದ್ದೆ" ಎಂದು ಅಮ್ಮ ಮದುವೆಯ ದಿನವನ್ನು ನೆನೆದು ಹೇಳಿ ನಗುತ್ತಿದ್ದಳು. ಮದುವೆಯಾದ ಮೇಲೆ ಅವಳನ್ನೂ ಆ ಶೋಗಳಿಗೆ ಕರೆದೊಯ್ಯುತ್ತಿದ್ದರು.

ದಿನ ಕಳೆದಂತೆ ಅಮ್ಮ ಗಂಜಿಯನ್ನೂ ಉಗುಳತೊಡಗಿದಳು. ನಾನು ಅಪ್ಪಯ್ಯನ ಕಾಲ ಬಳಿ ಕೂತು ಬೇಡಿದೆ. "ನಿಮ್ ಸ್ವರ ಕೇಂಡ್ರೆ ಸಾಕ್ ಅವ್ಳಿಗ್. ಒಂದ್ ಮಾತ್ ಆಡಿ."

"ಎಂತ ಮಾತಾಡುದ್? ಅವ್ಳಿಗ್ ಗೊತ್ತಿಲ್ದೆ ಇಪ್ಪುದ್ ನನ್ ಹತ್ರ ಎಂತ ಇತ್ತ್?" ಎಂದು ಮುಖ ತಿರುಗಿಸಿದರು.

ದಿಕ್ಕು ತೋಚದೆ ಆ ನಟನನ್ನೇ ಫೋನಿನಲ್ಲಿ ಹುಡುಕಿದೆ. ಅವನ ಬಗ್ಗೆ ಬರೆದದ್ದನ್ನೂ ಓದಿ ಹೇಳಿದೆ. "ಕಾಣಿ ಅಪ್ಪಯ್ಯ, ಮನೇಲ್ ಅವ ಬಾಯಿಬಡ್ಕ ಅಂಬ್ರ್. ಫೋಟೋದಲ್ಲ್ ನಗುಕೆ ಸ್ಟುಡಿಯೋದವ್ರೇ ಬಿಡ್ತಿರ್ಲಿಲ್ಲ ಅಂಬ್ರ್."

"ಸುಳ್ಳ್" ಎಂದರು.

ಅವನ ಸಿನಿಮಾ ಹಾಕಿ ಫೋನನ್ನು ಚೆಂಬಿಗೆ ಒರಗಿಸಿ ಅಮ್ಮನೆದುರು ಇಟ್ಟೆ. ಅಪ್ಪಯ್ಯ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ನಾಯಕ ಟೋಪಿ ತೆಗೆದು ನಾಯಕಿಗೆ ಮುತ್ತು ಕೊಟ್ಟ. "ಬೊಂಬಾಯಲ್ಲ್ ಇದ್ ತೋರ್ಸಿರ್ಲಿಲ್ಲ, ಸೆನ್ಸಾರ್‌ನವ್ರ್ ಕತ್ತರಿ ಹಾಕಿದ್ರ್" ಎಂದರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಅವರಿಬ್ಬರಿಗೆ ಮದುವೆಯಾಗಿ ದೊಡ್ಡ ಮಲಗುವ ಕೋಣೆ ಬಂತು. ಗಂಡನಿಗೊಂದು ಮಂಚ, ಹೆಂಡತಿಗೊಂದು ಮಂಚ, ನಡುವೆ ದೀಪದ ಮೇಜು. ಗಂಡಹೆಂಡಿರನ್ನೂ ಒಂದೇ ಹಾಸಿಗೆಯಲ್ಲಿ ತೋರಿಸದಿರುವುದು ಆಗ ಅಲ್ಲಿನ ಕಟ್ಟಳೆಯಾಗಿತ್ತೆಂದು ನಾನು ವಿವರಿಸಿದೆ.

ಅಪ್ಪಯ್ಯ ಅಮ್ಮನತ್ತ ಬಾಗಿದರು. "ನಮ್ ಬೊಂಬಾಯಿ ಖೋಲಿಯಲ್ಲ್ ಕಾಲ್ ಚಾಚುಕೂ ಜಾಗ ಇರ್ಲಿಲ್ಲ, ಅಲ್ದಾ?"

ಅಮ್ಮನ ತುಟಿಯ ಎಡತುದಿ ಮೇಲೆದ್ದಿತು. ಗಂಟಲಿನಿಂದ ಸ್ವರವೊಂದು ಹೊರಟಿತು. ನಗುವೋ ಅಳುವೋ ಹೇಳಲಾರೆ. ಅಪ್ಪಯ್ಯ ಅವಳ ಕೈ ಹಿಡಿದುಕೊಂಡದ್ದನ್ನು ನಾನು ನನ್ನ ಜನ್ಮದಲ್ಲಿ ಮೊದಲ ಸಲ ಕಂಡೆ. ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತೆ. ಅಮ್ಮ ಉಳಿದಳು ಎಂದೇ ನಂಬಿದ್ದೆ.

ಆ ವಾರವೇ ಎರಡನೆಯ ಹೊಡೆತ ಬಿತ್ತು. ಬ್ರಹ್ಮಾವರದ ಆಸ್ಪತ್ರೆಗೆ ಒಯ್ದೆವು. ಇನ್ನು ಏನು ಹೇಳಿದರೂ ಅವರಿಗೆ ತಲುಪುವುದಿಲ್ಲ ಎಂದು ಅಲ್ಲಿನ ವೈದ್ಯರು ನನ್ನೊಬ್ಬಳಿಗೆ ಹೇಳಿ ಮನೆಗೆ ಕಳಿಸಿದರು. ಮೂಗಿನ ನಳಿಗೆಯಲ್ಲಿ ಗಂಜಿತಿಳಿ ಬಿಡುತ್ತೇನೆ. ಅಮ್ಮ ಮೇಲೆ ಮನೆಯ ಮಾಡು ನೋಡುತ್ತಾ ಮಲಗಿರುತ್ತಾಳೆ.

ಅಪ್ಪಯ್ಯ ಮಾತ್ರ ಈಗ ಮಾತು ನಿಲ್ಲಿಸುವುದಿಲ್ಲ. ಕ್ಯಾಂಟೀನಿನ ಒಲೆ, ಗಾಡಿ ತಪ್ಪಿದ ದಿನ, ಅವಳು ಮೊದಲ ಸಲ ಊರು ಬಿಟ್ಟು ಮುಂಬೈಗೆ ಬಂದಾಗ ಅತ್ತದ್ದು, ತನಗೂ ಆಗ ಅಳು ಬಂದದ್ದು. ಸ್ವರ ಒಡೆದಿದೆ. ನಡುವೆ ನನ್ನತ್ತ ತಿರುಗುತ್ತಾರೆ.

"ಹ್ವಾಯ್, ಅವ್ಳಿಗ್ ಗೊತ್ತಾತ್ತಾ?"

"ಗೊತ್ತಾತ್ತ್ ಅಪ್ಪಯ್ಯ" ಎನ್ನುತ್ತೇನೆ. ಅವರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಳ್ಳುತ್ತಾರೆ.